ಎಂಟನೆಯ ತಗಡು

ಮೊನ್ನೆ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕಂಬಿ ಹಿಡಿದು ನಿಂತಿದ್ದ ಕಾರ್ಮಿಕರೊಬ್ಬರ ತೋಳಿನಿಂದ ಅರ ಹಾಕಿದ ಕಬ್ಬಿಣದ ವಾಸನೆ ಬಂತು. ಓದುಗರೇ, ನೀವು ಮೂಗು ಮುರಿಯಬಹುದು. ನೆನಪು ಬರಬೇಕಾದರೆ ಮಲ್ಲಿಗೆಯೋ ಕಾಫಿಯೋ ಘಮ್ಮೆನ್ನಬೇಕೆಂಬುದು ಸಂಭಾವಿತರ ರೂಢಿ. ಆದರೆ ಪೀಣ್ಯದ ಆಸುಪಾಸಿನಲ್ಲಿ ಬೆಳೆದವರ ಬಾಲ್ಯ ಕಬ್ಬಿಣದ ಪುಡಿ, ಎಣ್ಣೆ, ಬೆವರು ಮೂರೂ ಬೆರೆತ ವಾಸನೆಯಲ್ಲಿಯೇ ಇರುತ್ತದೆ. ನಾನು ಇಳಿಯಬೇಕಾದ ನಿಲ್ದಾಣ ದಾಟಿ, ಅದರ ಮುಂದಿನದೂ ದಾಟಿತು. ನಾನು ಎಂಟನೆಯ ತರಗತಿಯ ಒಂದು ಶನಿವಾರದಲ್ಲಿದ್ದೆ.

ರಾಜಗೋಪಾಲನಗರದಲ್ಲಿ ನಮ್ಮ ಪಕ್ಕದ ಮನೆಯವರು ಸಿದ್ದಲಿಂಗಣ್ಣ. ಕಸುಬಿನಿಂದ ಫಿಟ್ಟರ್. ದೇಶದ ಮೊದಲ ಉಪಗ್ರಹವನ್ನು ಜೋಡಿಸಿದ್ದು ಪೀಣ್ಯದ ಶೆಡ್ಡುಗಳಲ್ಲಿ. ಅಲ್ಲಿ ಕೆಲಸ ಮಾಡಿದ ನೂರಾರು ಕೈಗಳಲ್ಲಿ ಇವರವೂ ಎರಡು.

"ಅದರಲ್ಲಿ ನೀವು ಮಾಡಿದ್ದೇನಣ್ಣ?" ಎಂದು ಒಮ್ಮೆ ಕೇಳಿದ್ದೆ.

"ನಾನಾ? ನಾಲ್ಕು ಬ್ರಾಕೆಟ್ಟು ಕಣಮ್ಮ. ಆದ್ರೆ ನಾಲ್ಕೂ ಈಗ ನಿನ್ ತಲೆ ಮೇಲೇ ಸುತ್ತುತಾ ಇವೆ. ಹುಷಾರಾಗಿ ನಡಿ!"

ಇಂಥ ಶೆಡ್ಡುಗಳಿಂದ ಕೂಗಳತೆಯ ದೂರದಲ್ಲಿದ್ದ ನಮ್ಮ ಶಾಲೆಯಲ್ಲಿ ನೆಟ್ಟಗಿನ ಒಂದು ಅಳತೆಪಟ್ಟಿ ಇರಲಿಲ್ಲ. ಗುರುತ್ವಾಕರ್ಷಣೆಯನ್ನು ನಮಗೆ ಉಕ್ತಲೇಖನ ಬರೆಸಿದ್ದರು. ಅಕ್ಷರ ತಪ್ಪಿದರೆ ಬೆತ್ತ ಮಾತ್ರ ನಿಯಮಕ್ಕೆ ಬದ್ಧವಾಗಿ ಕೆಳಗೆ ಬೀಳುತ್ತಿತ್ತು. ಆಕಾಶಕ್ಕೆ ಯಂತ್ರ ಕಳಿಸಿದ ಊರಿನ ಮಕ್ಕಳಿಗೆ ಒಂದು ತುಂಡು ತಗಡನ್ನೂ ಮುಟ್ಟಲು ಕೊಡದವರು ಯಾರು? ಈ ಪ್ರಶ್ನೆಯನ್ನು ನಾನು ಇಂದಿಗೂ ಅಧಿಕಾರಿಗಳಿಗೆ ಬರೆಯುತ್ತಿದ್ದೇನೆ. ಉತ್ತರ ಬಂದಿಲ್ಲ. ಸಿದ್ದಲಿಂಗಣ್ಣ ಮಾತ್ರ ಪ್ರಶ್ನೆ ಕೇಳುತ್ತ ಕೂರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಚೀಲದ ತುಂಬ ಅರ, ತಗಡಿನ ಕತ್ತರಿ ತುಂಬಿಕೊಂಡು ಶಾಲೆಗೇ ಬಂದರು. "ಉಪಗ್ರಹ ಮಾಡೋಣ ಬನ್ರೋ" ಎಂದರು, ಗೋಲಿ ಆಡೋಣ ಬನ್ನಿ ಎನ್ನುವ ಧಾಟಿಯಲ್ಲಿ.

ಆ ಉತ್ಸಾಹವನ್ನು ಹೇಗೆ ಹೇಳಲಿ! ಹೊಂಗೆಮರದ ಕೆಳಗೆ ನಾವು ಎಂಟು ತಂಡಗಳಾದೆವು. ಮೇಲೊಂದು ಕೆಳಗೊಂದು ಎಂಟು ಮೂಲೆಯ ಮರದ ಚೌಕಟ್ಟು, ಅದರ ಸುತ್ತ ಎಂಟು ತಗಡು, ತಂಡಕ್ಕೊಂದು. ಅಗಲವೆಷ್ಟು, ಎತ್ತರವೆಷ್ಟು ಎಂಬ ಚೀಟಿಯನ್ನು ಪ್ರತಿ ತಂಡಕ್ಕೂ ಕೊಟ್ಟ ಸಿದ್ದಲಿಂಗಣ್ಣ, ಒಬ್ಬರು ಇನ್ನೊಬ್ಬರ ತಗಡು ನೋಡಕೂಡದೆಂದರು. ಶೆಡ್ಡಿನಲ್ಲಿ ಅದೇ ಪದ್ಧತಿಯಂತೆ: ನಿನ್ನ ಪಾಲಿನದನ್ನು ಚೀಟಿಯಂತೆ ಮಾಡು, ಉಳಿದವರೂ ಹಾಗೆಯೇ ಮಾಡುತ್ತಾರೆಂದು ನಂಬು. ಎಣ್ಣೆಡಬ್ಬಗಳನ್ನು ಬಿಚ್ಚಿ, ತಟ್ಟಿ, ಹುಣಸೆಹಣ್ಣು ಹಚ್ಚಿ ಉಜ್ಜಿ ಮುಖ ಕಾಣುವಂತೆ ಮಾಡಿದೆವು. ಮನೆಯಲ್ಲಿ ಸಾರಿಗೆ ಹುಣಸೆಹಣ್ಣಿಲ್ಲದೆ ಅಮ್ಮ ನನ್ನನ್ನೂ ಉಪಗ್ರಹವನ್ನೂ ಒಟ್ಟಿಗೆ ಶಪಿಸಿದಳು.

ಮೂರನೆಯ ಶನಿವಾರ ಜೋಡಣೆ. ಒಂದಾದ ಮೇಲೊಂದು ತಗಡು ಅಂಚಿಗೆ ಅಂಚು ತಾಗಿ ಚೌಕಟ್ಟಿಗೆ ಬಿಗಿಯಿತು. ಏಳು ಮುಗಿದಾಗ ಕುಣಿದಾಡಿದೆವು. ಎಂಟನೆಯದು ಗೌರಮ್ಮನ ತಂಡದ್ದು. ಅವಳು ಮಾಕಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಕ್ಕಲು ಮನೆಯ ಹುಡುಗಿ. ಅವರ ರಾಗಿ ಹೊಲದ ಮೇಲೆ ಆಗಲೇ ಯಾವುದೋ ಕಾರ್ಖಾನೆಯ ಗೋಡೆ ಎದ್ದಿತ್ತು. ಅವಳ ತಗಡು ಉಳಿದ ಸಂದಿಯಲ್ಲಿ ಕೂರಲಿಲ್ಲ. ಹೆಬ್ಬೆರಳಿನಷ್ಟು ಹೊರಗುಳಿಯಿತು.

ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆಯುತ್ತಿದ್ದ ನಾನು ಮುಂದೆ ಬಂದೆ. "ಏಳು ಕೂತಿವೆ, ಒಂದು ಕೂತಿಲ್ಲ. ಹಾಗಾದರೆ ತಪ್ಪು ಯಾವುದರಲ್ಲಿ ಅಂತ ಹೇಳ್ಬೇಕಾ?" ಎಂದೆ. ಎಲ್ಲರೂ ಹೌದೆಂದರು. ಹಿಂದಿನಿಂದ ಯಾರೋ, "ಕಳೆ ಕೀಳೋ ಕೈಗೆ ಅರ ಕೊಟ್ರೆ ಇನ್ನೇನಾಗತ್ತೆ ಮಗಾ!" ಎಂದು ನಗಿಸಿದರು.

"ಚೀಟಿಲಿ ಇದ್ದಂಗೇ ಕುಯ್ದಿವ್ನಿ," ಎಂದಳು ಗೌರಮ್ಮ. "ನೀವೇ ಅಳ್ದು ನೋಡ್ರಿ."

"ಅಳೆಯೋದೇನು, ಕಣ್ಣಿಗೇ ಕಾಣ್ತಿದೆಯಲ್ಲ!" ಎಂದೆ ನಾನು.

ಅಳೆಯಲು ನಾನೇಕೆ ಬಿಡಲಿಲ್ಲವೆಂಬುದು ನನಗೆ ಗೊತ್ತಿತ್ತು. ನನ್ನ ತಂದೆಯೂ ಫಿಟ್ಟರ್. ಕಸುಬಿನವರ ಮನೆಗಳಲ್ಲಿ ಮಕ್ಕಳಿಗೆ ಅನ್ನದ ಜೊತೆಗೇ ಒಂದು ಮಾತು ಉಣಿಸುತ್ತಾರೆ: "ಒಂದ್ ಕೂದಲು ಜಾಸ್ತೀನೇ ಬಿಡು. ಆಮೇಲೆ ಅರ ಹಾಕ್ಕೋಬಹುದು, ಕಡಿಮೆಯಾದ್ರೆ ಅಂಟಿಸೋಕಾಗಲ್ಲ." ನಾನು ಕೂದಲಿನ ಹೆಸರಿನಲ್ಲಿ ಕಡ್ಡಿಯಷ್ಟು ಹೆಚ್ಚು ಬಿಟ್ಟಿದ್ದೆ, ಆಮೇಲೆ ಅರ ಹಾಕಲು ಸೋಮಾರಿತನ. ಉಳಿದ ಆರು ತಂಡಗಳೂ ಫಿಟ್ಟರುಗಳ, ಟರ್ನರುಗಳ ಮಕ್ಕಳವೇ. ಏಳು ಕೂದಲು ಸೇರಿ ಎಂಟನೆಯವಳ ಜಾಗವನ್ನು ನುಂಗಿದ್ದವು. ಆ ಮಾತನ್ನು ಯಾರೂ ಹೇಳಿಕೊಡದ ಮನೆಯಿಂದ ಬಂದವಳೊಬ್ಬಳೇ ಚೀಟಿಯನ್ನು ಚೀಟಿಯಂತೆ ನಂಬಿದ್ದಳು.

ಸಿದ್ದಲಿಂಗಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದರು. ನಾನು ಹೊಂಗೆಯ ಎಲೆ ಎಣಿಸಿದೆ. ಗೌರಮ್ಮ ತುಟಿ ಕಚ್ಚಿಕೊಂಡು ಕತ್ತರಿ ಎತ್ತಿದಳು. ಕರ್ ಎಂದು ತಗಡಿನ ಒಂದು ಮೂಲೆ ಹೋಯಿತು. ಆ ಸದ್ದು ನನ್ನ ಹಲ್ಲಿನೊಳಗೆ ಇಳಿಯಿತು.

"ನಿಲ್ಲಿಸೇ! ನಂದು ಜಾಸ್ತಿ ಇದೆ!" ಎಂದು ಕಿರುಚಿದೆ.

ಆಮೇಲೆ "ನಮ್ದೂ", "ನಮ್ದೂ ಸ್ವಲ್ಪ" ಎಂದು ಉಳಿದ ಆರು ತಂಡಗಳೂ ಒಪ್ಪಿಕೊಂಡವು. ಸಿದ್ದಲಿಂಗಣ್ಣ ಗದರಿಸಲಿಲ್ಲ. "ಬಿಚ್ರೋ ಎಲ್ಲಾನೂ!" ಎಂದು ಅರಗಳನ್ನು ಹಂಚಿದರು. ಅಂದು ಮರದ ಕೆಳಗೆ ಎದ್ದ ಅರದ ಗದ್ದಲದಷ್ಟು ಸಂತೋಷದ ಸಂಗೀತವನ್ನು ನಾನು ಮತ್ತೆ ಕೇಳಿಲ್ಲ. ಅಳೆದವಳು ಗೌರಮ್ಮ. "ಇನ್ನೂ ಐತೆ, ಉಜ್ಜು" ಎಂದು ನನ್ನ ತಗಡನ್ನು ಮೂರು ಸಲ ಹಿಂದಿರುಗಿಸಿದಳು. ಮೂರನೆಯ ಸಲ ನಿಜಕ್ಕೂ ಹೆಚ್ಚಿತ್ತೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ.

ಈ ಬಾರಿ ಎಂಟನೆಯ ತಗಡು ಟಕ್ಕೆಂದು ಕೂತಿತು. ಬಿಸಿಲಿಗೆ ಚಾಚಿದ ಕೊಂಬೆಗೆ ಹಗ್ಗ ಕಟ್ಟಿ ಅದನ್ನು ತೂಗುಹಾಕಿ, ಹಗ್ಗಕ್ಕೆ ಹುರಿ ಏರಿಸಿ ಬಿಟ್ಟೆವು. ಉಪಗ್ರಹ ತಿರುಗಿತು! ಶಾಲೆಯ ಗೋಡೆಯ ಮೇಲೆ ಬೆಳಕಿನ ತುಂಡುಗಳು ಒಂದರ ಹಿಂದೊಂದು ಓಡಿದವು. ಗೋಡೆಯ ಬಳಿ ಕುಳಿತ ತಂಡವೇ ನಮ್ಮ ಭೂಕೇಂದ್ರ, ಉಪಗ್ರಹದ ಸಂಕೇತ ಹಿಡಿಯುವ ಠಾಣೆ. ನಿಮಿಷಕ್ಕೆ ಎಷ್ಟು ಸುತ್ತು ಎಂದು ಕೂಗಿ ಹೇಳುವುದು ಅವರ ಕೆಲಸ. ಎಂಟೂ ತುಂಡು ಒಂದೇ ಬಗೆಯಾಗಿದ್ದರೆ ಎಣಿಕೆ ತಪ್ಪುತ್ತಿತ್ತು. ಒಂದಕ್ಕೆ ಮಾತ್ರ ಮೂಲೆ ಮುರಿದಿತ್ತು. ಮುರಿದ ಬೆಳಕು ಬಂದಾಗಲೆಲ್ಲ ಭೂಕೇಂದ್ರ "ಒಂದು! ಎರಡು! ಮೂರು!" ಎಂದು ಅರಚಿತು. ಬಡಬಡಿಸುವ ಲೋಹದ ಪೆಟ್ಟಿಗೆ ನಮ್ಮೊಡನೆ ಮಾತಾಡುತ್ತಿತ್ತು, ನಮಗದು ಅರ್ಥವಾಗುತ್ತಿತ್ತು!

ಉಬ್ಬಿದ ನಾನು ಗೌರಮ್ಮನಿಗೆ, "ನೋಡು, ತಪ್ಪಾಗಿದ್ದೂ ಒಳ್ಳೆಯದೇ ಆಯ್ತು" ಎಂದೆ.

ಅವಳು ಗೋಡೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಬೆಳಕು ನಮ್ ತಗಡಿಂದು. ತಪ್ಪು ನಿಮ್ದು. ಎಲ್ಡೂ ಸೇರಿಸ್ಬ್ಯಾಡ."

ಮುಂದೆ ವಿಶ್ವವಿದ್ಯಾಲಯದಲ್ಲಿ ನ್ಯಾಯದ ಬಗ್ಗೆ ಓದಿದ ದಪ್ಪ ದಪ್ಪ ಪುಸ್ತಕಗಳಲ್ಲಿ ಇದಕ್ಕಿಂತ ಚೊಕ್ಕವಾದ ವಾಕ್ಯ ನನಗೆ ಸಿಕ್ಕಿಲ್ಲ. ಒಕ್ಕಲು ಎಬ್ಬಿಸಿದ ಜಾಗದಲ್ಲಿ ಕಾರ್ಖಾನೆ ಚೆನ್ನಾಗಿ ನಡೆಯುತ್ತಿದೆಯಲ್ಲ ಎನ್ನುವವರಿಗೆಲ್ಲ ನಾನು ಅದನ್ನೇ ಹೇಳುತ್ತೇನೆ. ಆದರೆ ಹೇಳುವಾಗ, ಅದು ಮೊದಲು ನನಗೇ ಹೇಳಿದ ಮಾತೆಂಬುದನ್ನು ಇಷ್ಟು ವರ್ಷ ಜಾಣತನದಿಂದ ನುಂಗಿಕೊಂಡಿದ್ದೆ.

ಬಸ್ಸು ನಿಂತ ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಕ್ಕೆ ನಡೆದೆ. ಆ ವಾರವೇ ಜಿಗಣಿಯ ಒಂದು ಶಾಲೆಯಲ್ಲಿ ಮಕ್ಕಳೊಡನೆ ಉಪಗ್ರಹ ಮಾಡಲು ಒಪ್ಪಿಕೊಂಡಿದ್ದೆ. ಗ್ರಹಗಳ ಬಗ್ಗೆ ಭರ್ಜರಿ ಭಾಷಣವೂ ಸಿದ್ಧವಿತ್ತು. ಶನಿವಾರ ಹೋದೆ. ತಂಡಗಳಾದವು, ಚೀಟಿಗಳು ಹಂಚಿಹೋದವು. ಎರಡು ಜಡೆಯ ಹುಡುಗಿಯೊಬ್ಬಳು ಕತ್ತರಿ ಮುಟ್ಟುವ ಮೊದಲೇ ಎದ್ದು ನಿಂತಳು.

"ಮೇಡಂ, ತಪ್ಪಾದ್ರೆ ಬೈತೀರಾ?"

ಭಾಷಣದ ಹಾಳೆ ಮಡಚಿ ಅವರ ನಡುವೆ ನೆಲದ ಮೇಲೆ ಕುಳಿತೆ. "ಮೊದಲು ನನ್ನ ತಪ್ಪು ಕೇಳು," ಎಂದೆ. "ಬೈಯಬೇಕೋ ಬೇಡವೋ, ಆಮೇಲೆ ನೀವೇ ಹೇಳಿ."