ಬೆಳ್ಳಿ ಶ್ರೇಣಿಯ ಪ್ರಯಾಣಿಕ ಯಾರು?

ಮಿತ್ರರೇ, ಕಾಶಿ, ಪುರಿ, ದ್ವಾರಕೆಗಳಿಗೆ ಹಾರಿ ಸಂಪಾದಿಸಿದ ಅಂಕಗಳಿಂದ ವಿಮಾನ ಸಂಸ್ಥೆಯ ಮೊದಲ ಮೆಟ್ಟಿಲಾದ ಬೆಳ್ಳಿ ಶ್ರೇಣಿಯು ನನಗಿಂದು ಪ್ರಾಪ್ತವಾಗಬೇಕಿತ್ತು. ಪ್ರಾಪ್ತವಾದರೆ, ಮಂಡಿನೋವಿನ ನನ್ನ ಸಹಧರ್ಮಿಣಿಗೆ ಕಾಲು ಚಾಚಲು ಮುಂದಿನ ಸಾಲಿನ ಆಸನ ದೊರೆಯುತ್ತದೆ. ಕಡೆಯ ಯಾತ್ರೆಯ ಅಂಕಗಳು ಮಾತ್ರ ಸೇರಿರಲಿಲ್ಲ, ದೂರವಾಣಿಯಲ್ಲಿ ವಿಚಾರಿಸಿದೆ.

“ಸದಸ್ಯರು ಶ್ರೀಕಂಠಯ್ಯ ಅಂತಿದೆ ಸರ್. ಟಿಕೆಟ್ ಕಳಲೆ ಅನ್ನೋರ ಹೆಸರಲ್ಲಿದೆ,” ಎಂದಳು ಅಲ್ಲಿನ ಹುಡುಗಿ.

“ಕಳಲೆ ನಮ್ಮೂರು ತಾಯಿ, ನನ್ನ ಇನಿಷಿಯಲ್ಲು. ಊರು ಎಲ್ಲಾದ್ರೂ ವಿಮಾನ ಹತ್ತುತ್ತಾ?”

“ಹಾಗಾದ್ರೆ ಇಬ್ರೂ ಒಬ್ರೇ ಅಂತ ಒಂದು ಸರ್ಟಿಫಿಕೇಟ್ ಕಳಿಸಿ ಸರ್.”

ಪಕ್ಕದಲ್ಲಿದ್ದ ಸಹಧರ್ಮಿಣಿ ನಕ್ಕಳು: “ನಾನೂ ಅದೇ ಹೇಳೋದು ಕಣ್ರೀ, ನೀವು ಮನೆಯೋರಲ್ಲ, ಊರೋರು!”

ಊರೂ ನಾನೂ ಬೇರೆಯಲ್ಲವೆಂಬ ಈ ಅದ್ವೈತಕ್ಕೆ ನಾಳೆ ಪಂಚಾಯಿತಿ ಕಾರ್ಯದರ್ಶಿಗಳು ಮೊಹರು ಒತ್ತಲಿದ್ದಾರೆ.