ಅಮ್ಮ ಕೊಲಂಬೋ ನೋಡಿದ ದಿನ

ಅಮ್ಮನ ಹಿಮ್ಮಡಿಗಳು ಬೇಸಿಗೆಯ ಗದ್ದೆಯ ಹಾಗೆ ಒಡೆದಿರುತ್ತಿದ್ದವು. ಆ ಒಡಕಿನೊಳಗೆ ಅಡಿಕೆ ಸಿಪ್ಪೆಯ ನಾರು ಹೊಕ್ಕರೆ ಸಂಜೆ ದೀಪದ ಬುಡದಲ್ಲಿ ಕೂತು ಸೂಜಿಯಿಂದ ತೆಗೆದು, ತೆಂಗಿನೆಣ್ಣೆ ಸವರಿಕೊಳ್ಳುತ್ತಿದ್ದಳು. ಚಪ್ಪಲಿ ಹಾಕಿದವಳಲ್ಲ. ಜೀವಮಾನದಲ್ಲಿ ಒಂದೇ ಸಲ ಹಾಕಿದ್ದು, ಅದೂ ಕೊಲಂಬೋಗೆ ಹೋಗುವಾಗ. ಪರದೇಶಕ್ಕೆ ಬರಿಗಾಲಲ್ಲಿ ಹೋಗುವುದು ಮರ್ಯಾದೆಯಲ್ಲ ಎಂದು ಸೋದರಮಾವ ಪುತ್ತೂರು ಪೇಟೆಯಿಂದ ತಂದುಕೊಟ್ಟದ್ದು.

ಕೆದಂಬಾಡಿಯಲ್ಲಿ ಮಾರ್ಗದ ಬದಿಗೇ ನಮ್ಮ ಮನೆ. ಅಪ್ಪ ಕೊಲಂಬೋದ ಒಂದು ಹೋಟೆಲಿನಲ್ಲಿ ಅಡಿಗೆಗೆ ಇದ್ದರು. ಅಮ್ಮ ಹಗಲಿಡೀ ಬೇರೆಯವರ ಅಂಗಳದಲ್ಲಿ ಅಡಿಕೆ ಸುಲಿದು ಬೆನ್ನು ನೆಟ್ಟಗಾಗದೆ ಬರುತ್ತಿದ್ದಳು. ಆದರೂ ಯಾರು ನಮ್ಮ ಜಗಲಿ ಹತ್ತಿದರೂ ಮೊದಲು ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಜೊತೆಗೆ ನೀರು. ಬಂದ ಕೆಲಸ ಕೇಳುವುದು ಆಮೇಲೆ. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಹೀಗೆಯೇ, ಅಮ್ಮನದು ಸ್ವಲ್ಪ ಅತಿ. ಬೇಲಿಯ ತಕರಾರಿಗೆ ಬಂದವರಿಗೂ ಬೆಲ್ಲ ಇಡುತ್ತಿದ್ದಳು. "ಬೆಲ್ಲ ಕಚ್ಚಿ ನೀರು ಕುಡಿದ ಮನೆಯಲ್ಲಿ ಸ್ವರ ಏರಿಸ್ಲಿಕ್ಕಿಲ್ಲ" ಎನ್ನುವುದು ಅವಳ ಕಾನೂನು. ಹಾಗೆ ಎಷ್ಟೋ ಜನ ಬೈಯಲು ಬಂದು, ಬಾಯಿ ಸಿಹಿ ಮಾಡಿಕೊಂಡು ಪೆಚ್ಚಾಗಿ ಇಳಿದುಹೋಗಿದ್ದಾರೆ.

ಮನೆಯವರಿಗೆ ಮಾತ್ರ ಬೆಲ್ಲ ಇಲ್ಲ. ಒಮ್ಮೆ ನಾನು ಶಾಲೆಯಿಂದ ಬಂದು ಜಗಲಿಯಲ್ಲೇ ಕಾಲು ಚಾಚಿ, "ಅಮ್ಮಾ, ಬೆಲ್ಲ ನೀರು" ಎಂದೆ. ಒಳಗಿನಿಂದಲೇ ಗದರಿದಳು. "ನೀನು ಎಂತ ನೆಂಟ್ರಾ? ಕೊಡಪಾನದಲ್ಲಿ ನೀರುಂಟು, ಬಗ್ಗಿಸಿ ಕುಡಿ." ಅಪ್ಪ ರಜೆಯಲ್ಲಿ ಬಂದಾಗಲೂ ಅಷ್ಟೆ. ಸೀದಾ ಒಳಗೆ ಹೋಗಿ ತಾವೇ ನೀರು ಬಗ್ಗಿಸಿ ಕುಡಿಯುವರು. ಆ ಸದ್ದು ಕೇಳಿದರೆ ಅಮ್ಮನ ಮುಖ ಸ್ವಲ್ಪ ಸಡಿಲವಾಗುತ್ತಿತ್ತು.

ಆಮೇಲೆ ಅಪ್ಪ ಬರುವುದು ನಿಂತಿತು. ಕಾಗದವೂ ಅಪರೂಪವಾಯಿತು. ಅಲ್ಲಿಂದ ಬಂದ ಒಬ್ಬರು ನಮ್ಮ ಜಗಲಿಯಲ್ಲೇ ಕೂತು, ಬೆಲ್ಲವನ್ನೂ ತಿಂದು, ನೆಲ ನೋಡುತ್ತಾ ಹೇಳಿದರು: "ಅವರು ಈಗ ಹೋಟೆಲಿನ ಕೋಣೆಯಲ್ಲಿ ಇಲ್ಲ. ಬೇರೆ ಮನೆ ಉಂಟು ಅಕ್ಕಾ." ಅದರ ಅರ್ಥ ಊರಿಗೆಲ್ಲ ಆಯಿತು. ಅಮ್ಮ ಮಾತ್ರ ಹಟ ಹಿಡಿದಳು. "ನಾನು ಒಮ್ಮೆ ಹೋಗಿ ನೋಡ್ಬೇಕು. ಬಾ ಅಂತ ಕರಿಬೇಕು. ಬಂದ್ರೆ ಬಂದ್ರು." ಸೋದರಮಾವ ಕಾಗದಪತ್ರಕ್ಕೆ ಓಡಾಡಿ, ಬರುವ ದಿನವನ್ನು ಅಪ್ಪನಿಗೆ ಬರೆದು ತಿಳಿಸಿ, ನಮ್ಮಿಬ್ಬರನ್ನೂ ಕರೆದುಕೊಂಡು ತಾವೇ ಹೊರಟರು. ನನಗೆ ಆಗ ಹನ್ನೊಂದೋ ಹನ್ನೆರಡೋ.

ರೈಲು, ಹಡಗು, ಮತ್ತೆ ರೈಲು. ದಾರಿಯಿಡೀ ಅಮ್ಮನ ಮಡಿಲಲ್ಲಿ ಹಲಸಿನ ಹಪ್ಪಳದ ಕಟ್ಟು. ಕೊಲಂಬೋ ಸ್ಟೇಶನ್ನಿನಲ್ಲಿ ಇಳಿದಾಗ ಅಪ್ಪ ಬಿಳಿ ಶರ್ಟು ಹಾಕಿ ನಿಂತಿದ್ದರು. ಮೈ ತುಂಬಿಕೊಂಡಿದ್ದರು. ಮಾವ ನಮ್ಮನ್ನು ಅವರಿಗೊಪ್ಪಿಸಿ ತಮ್ಮ ಪರಿಚಯದವರ ಅಂಗಡಿಗೆ ಹೋದರು. ಅದೇ ದಿನ ರಾತ್ರಿಯ ರೈಲಿಗೆ ನಮಗೆ ವಾಪಸು ಟಿಕೆಟು ಅಪ್ಪನೇ ಮಾಡಿಸಿ ಇಟ್ಟಿದ್ದರು. ಅಮ್ಮ ಅದನ್ನು ಕೇಳಿ ತಲೆಯಾಡಿಸಿದಳು, ಅಷ್ಟೆ.

"ಬಂದದ್ದು ಬಂದಿದ್ದೀರಿ, ಊರು ನೋಡ್ದೆ ಹೋಗ್ಲಿಕ್ಕುಂಟಾ" ಎಂದು ಅಪ್ಪ ಹೊರಡಿಸಿದರು. ಮೊದಲು ಬಂದರು, ಅಲ್ಲಿ ನಿಂತ ಹಡಗುಗಳು. ಆಮೇಲೆ ಟ್ರಾಮು ಹತ್ತಿ ಪೇಟೆ. ಆಮೇಲೆ ಮ್ಯೂಸಿಯಂ, ಅಲ್ಲಿ ಯಾವುದೋ ಅರಸನ ಸಿಂಹಾಸನ. "ಕೂತವ ಹೋದ, ಕುರ್ಚಿ ಉಳಿದಿದೆ" ಎಂದಳು ಅಮ್ಮ. ಬಿಸಿಲೆಂದರೆ ನೆತ್ತಿ ಸುಡುವ ಬಿಸಿಲು. ಮೃಗಾಲಯದಲ್ಲಿ ಆನೆ ತೋರಿಸಿ ಅಪ್ಪ ಉತ್ಸಾಹದಿಂದ, "ಸಂಜೆ ಇವು ಕುಣಿತಾವೆ, ನೋಡಿಯೇ ಹೋಗುವ" ಎಂದರು. "ಆನೆಯನ್ನು ನಾನು ಸುಬ್ರಹ್ಮಣ್ಯದಲ್ಲಿ ಕಂಡಿದ್ದೇನೆ. ಆಯ್ತು, ನೋಡಿ ಆಯ್ತು. ಇನ್ನೆಲ್ಲಿ?" ಎಂದಳು ಅಮ್ಮ.

ಪ್ರತಿ ಕಡೆಯಲ್ಲೂ ಇದೇ. ನೋಡಿ ಆಯ್ತು, ಇನ್ನೆಲ್ಲಿ. ಅಪ್ಪ ನನಗೆ ಐಸ್‌ಕ್ರೀಮು ಕೊಡಿಸಿದರು, ಶರಬತ್ತು ಕೊಡಿಸಿದರು, ಹೋಟೆಲಿನಲ್ಲಿ ಊಟ ಹಾಕಿಸಿದರು. ಅಮ್ಮ ಅನ್ನವನ್ನು ಎರಡು ತುತ್ತು ಉಂಡು ಎಲೆ ಮಡಚಿದಳು. ನೀರನ್ನು ಮುಟ್ಟಲಿಲ್ಲ. "ಕುಡಿ, ಇಲ್ಲಿಯ ನೀರು ಒಳ್ಳೆದುಂಟು" ಎಂದು ಅಪ್ಪ ಒತ್ತಾಯಿಸಿದರೆ, "ಮನೆಗೆ ಹೋಗಿ ಕುಡಿತೇನೆ" ಎಂದಳು. ಅಪ್ಪ ಕೇಳದವರ ಹಾಗೆ ಮುಂದೆ ನಡೆದರು. ಅವರು ನಡೆದಷ್ಟೂ ಊರು ಉದ್ದವಾಗುತ್ತಿತ್ತು. ಇವರಿಗೆ ಮನೆ ತೋರಿಸುವ ಮನಸ್ಸಿಲ್ಲ, ಅದಕ್ಕೇ ಊರು ತೋರಿಸುತ್ತಿದ್ದಾರೆ ಎಂದು ಅಷ್ಟು ಚಿಕ್ಕವಳಾದ ನನಗೂ ಗೊತ್ತಾಯಿತು.

ಸಮುದ್ರದ ಬದಿಯ ದೊಡ್ಡ ಬಯಲಿಗೆ ಬಂದಾಗ ಅಮ್ಮ ಹುಲ್ಲಿನ ಮೇಲೆ ಕುಸಿದು ಕೂತಳು. ಚಪ್ಪಲಿ ಕಳಚಿ ನೋಡಿದರೆ ಹೆಬ್ಬೆರಳ ಸಂದಿಯಲ್ಲಿ ಬೊಕ್ಕೆ ಎದ್ದು ಒಡೆದಿತ್ತು, ಹಿಮ್ಮಡಿಯಿಂದ ರಕ್ತ. ತುಟಿ ಒಣಗಿ ಬಿಳಿಚಿತ್ತು.

"ಸಮುದ್ರ ಮಂಗಳೂರಿನಲ್ಲೂ ಉಂಟು" ಎಂದಳು. "ಇನ್ನು ನನ್ನಿಂದ ಆಗುದಿಲ್ಲ. ನಿಮ್ಮ ಮನೆಯಲ್ಲಿ ಒಂದು ಗ್ಲಾಸು ನೀರು ಕೊಡಿಸಿ. ಕುಡಿದು ರೈಲು ಹತ್ತುತ್ತೇನೆ."

"ಮನೆ ದೂರ ಉಂಟು."

"ಕೆದಂಬಾಡಿಯಿಂದ ಬಂದವಳಿಗೆ ಎಂತ ದೂರ ಮಾರಾಯ್ರೆ."

ಅಪ್ಪ ಸಮುದ್ರಕ್ಕೆ ಬೆನ್ನು ಹಾಕಿ ಬಸ್ಸಿನ ಕಡೆ ಹೊರಟರು. ಅಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹಿಂದೆ ನಡೆದಳು.

ಇಕ್ಕಟ್ಟಿನ ಓಣಿ, ತಗಡಿನ ಮಾಡು, ಎದುರಿಗೆ ಎರಡು ದಾಸವಾಳದ ಗಿಡ. ಅಪ್ಪ ಆ ಗಿಡದ ಹತ್ತಿರವೇ ನಿಂತುಬಿಟ್ಟರು. ಒಳಗಿನಿಂದ ಒಬ್ಬಳು ಬಂದಳು. ಬಣ್ಣದ ಸೀರೆ, ಕುಂಕುಮ, ತುಟಿಯಲ್ಲಿ ನಗು ಎಂದೆಲ್ಲ ನಾನು ಕಲ್ಪಿಸಿಕೊಂಡಿದ್ದೆ. ಹಾಗೇನೂ ಇಲ್ಲ. ಕೆಲಸ ಮಾಡಿ ಸೊರಗಿದ ಹೆಂಗಸು, ಅಮ್ಮನಷ್ಟೇ ಪ್ರಾಯ. ಸೊಂಟದಲ್ಲಿ ಅಪ್ಪನದೇ ಮೂಗಿನ ಒಂದು ಗಂಡು ಮಗು. ಅಮ್ಮನನ್ನು, ಅವಳ ಕಾಲನ್ನು, ನನ್ನನ್ನು ನೋಡಿದಳು. ಯಾರು ಎಂದು ಕೇಳಲಿಲ್ಲ. ಒಳಗೆ ಹೋಗಿ ಬರುವಾಗ ಕೈಯಲ್ಲಿ ತಟ್ಟೆ ಇತ್ತು. ತಟ್ಟೆಯಲ್ಲಿ ಒಂದು ತುಂಡು ಕಪ್ಪು ಬೆಲ್ಲ, ಪಕ್ಕದಲ್ಲಿ ಒಂದು ಗ್ಲಾಸು ನೀರು.

ನಮ್ಮ ಊರಿನ ಪದ್ಧತಿಯನ್ನು ಅಪ್ಪ ಅವಳಿಗೆ ಕಲಿಸಿದ್ದರು. ಕೋಣೆಯಲ್ಲಿ ಬಿಡಾರ ಹೂಡಿದವನು ಯಾರಿಗೂ ಇದನ್ನು ಕಲಿಸುವುದಿಲ್ಲ. ಇದು ಸಂಸಾರ. ಅಮ್ಮನಿಗೆ ಅದು ಆ ಕ್ಷಣವೇ ತಿಳಿಯಿತು ಎಂದು ಅವಳ ಮುಖ ನೋಡಿಯೇ ಹೇಳಬಹುದಿತ್ತು. ಬೆಲ್ಲ ಮುಟ್ಟದೆ ಇದ್ದರೆ ಅಮ್ಮ ಏನು ಬೇಕಾದರೂ ಹೇಳಬಹುದಿತ್ತು, ಓಣಿಯ ಜನ ಸೇರುವ ಹಾಗೆ ಕೂಗಬಹುದಿತ್ತು. ಕೂಗಲಿ ಎಂದೇ ನಾನು ಬಯಸಿದ್ದೆ. ಅವಳಿಗೆ ಬಾಯಾರಿತ್ತು. ತಟ್ಟೆಯನ್ನೇ ನೋಡುತ್ತಾ ನಿಂತವಳು ಬೆಲ್ಲ ತೆಗೆದು ಕಚ್ಚಿದಳು, ಗ್ಲಾಸನ್ನು ಎತ್ತಿ ಒಂದೇ ಉಸಿರಿಗೆ ನೀರು ಕುಡಿದಳು.

ಆಮೇಲೆ ಹಪ್ಪಳದ ಕಟ್ಟನ್ನು ಆ ಹೆಂಗಸಿನ ಕೈಗೆ ಕೊಟ್ಟು, ಅವಳಿಗೆ ಅರ್ಥವಾಗದ ನಮ್ಮ ಭಾಷೆಯಲ್ಲೇ, "ಎಣ್ಣೆ ಚೆನ್ನಾಗಿ ಕಾಯ್ಬೇಕು, ಇಲ್ಲದಿದ್ರೆ ಹೀರ್ತದೆ" ಎಂದಳು. ಮಗುವಿನ ಕೆನ್ನೆ ಮುಟ್ಟಿದಳು. ಅಪ್ಪನನ್ನು ಬಾ ಎಂದು ಕರೆಯಲೇ ಇಲ್ಲ.

ರೈಲಿನಲ್ಲಿ ಕಾಲು ಮಡಚಿ ಕೂತು ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿದೆ ಎಂದುಕೊಂಡೆ. "ಅವಳ ಮೇಲೆ ಸಿಟ್ಟು ಬರ್ಲಿಲ್ಲ ಮಗಾ" ಎಂದಳು. "ಸಿಟ್ಟು ಬಂದಿದ್ರೆ ಇಷ್ಟು ಸುಸ್ತು ಆಗ್ತಿರ್ಲಿಲ್ಲ."

ಆ ಸುಸ್ತು ಅವಳನ್ನು ಬಿಡಲಿಲ್ಲ. ಅಡಿಕೆ ಸುಲಿದಳು, ನನ್ನನ್ನು ಓದಿಸಿ ಟೀಚರು ಮಾಡಿದಳು, ಮದುವೆ ಮಾಡಿದಳು, ಎಲ್ಲವನ್ನೂ ಆ ದಿನದ ಕಾಲುನೋವಿನಲ್ಲೇ ಮಾಡಿದ ಹಾಗೆ. ಅವಳು ತೀರಿಕೊಂಡು ಈಗ ತುಂಬ ವರ್ಷವಾಯಿತು. ಹೆಣಕ್ಕೆ ಸ್ನಾನ ಮಾಡಿಸುವಾಗ ಆ ಹಿಮ್ಮಡಿಗಳನ್ನು ನಾನೇ ಉಜ್ಜಿ ತೊಳೆದೆ. ಅತ್ತುಬಿಟ್ಟೆ. ನನ್ನ ಬದುಕಿನಲ್ಲಿ ನೆಟ್ಟಗೆ ನಿಂತದ್ದು ಏನಿದೆಯೋ ಅದೆಲ್ಲ ಆ ಕಾಲಿನ ಮೇಲೆ ನಿಂತದ್ದು. ಆದರೆ ಅಮ್ಮ ಎಂದರೆ ನನ್ನ ಕಣ್ಣಿಗೆ ಬರುವುದು ಅವಳು ಸಾಯುವುದಕ್ಕಿಂತ ಎಷ್ಟೋ ಹಿಂದಿನ ಒಂದು ಮಧ್ಯಾಹ್ನ.

ಅರುವತ್ತರ ದಶಕ ಮುಗಿಯುತ್ತಾ ಬಂದಾಗ ಅಪ್ಪ ವಾಪಸು ಬಂದರು. ಅಲ್ಲಿದ್ದ ನಮ್ಮವರು ಒಬ್ಬೊಬ್ಬರೇ ಮರಳುತ್ತಿದ್ದ ಕಾಲ. ಆ ಹೆಂಗಸು ತನ್ನ ಊರು ಬಿಟ್ಟು ಬರಲಿಲ್ಲವಂತೆ. ಅಪ್ಪ ಟ್ರಂಕು ಇಳಿಸಿ, ಒಳಗೆ ಹೋಗಲೋ ಬೇಡವೋ ಎಂದು ಜಗಲಿಯಲ್ಲೇ ಕೂತರು. ಅಮ್ಮ ಹೊರಗೆ ಬಂದಳು, ಕೈಯಲ್ಲಿ ತಟ್ಟೆ, ಬೆಲ್ಲ, ನೀರು. ಅಪ್ಪನ ಮುಖ ಸಣ್ಣದಾಯಿತು. ಬೆಲ್ಲ ಕಚ್ಚಿದರು. "ಆ ಮಗು?" ಎಂದು ಅಮ್ಮ ಕೇಳಿದ್ದು ಅಷ್ಟೆ. "ದೊಡ್ಡವ ಆಗಿದ್ದಾನೆ."

ಅಲ್ಲಿಂದ ಮುಂದೆ ಅವರ ಚಾಪೆ ಜಗಲಿಯ ಕೋಣೆಯಲ್ಲಿ. ಊಟ ಹೊತ್ತಿಗೆ ಸರಿಯಾಗಿ, ಬಿಸಿಬಿಸಿ. ಒಂದು ಕೆಟ್ಟ ಮಾತಿಲ್ಲ. ಆದರೆ ಅವರು ಪೇಟೆಗೆ ಹೋಗಿ ಬಂದರೂ ಸರಿ, ತೋಟದ ಬದಿಗೆ ಹೋಗಿ ಬಂದರೂ ಸರಿ, ಜಗಲಿಯಲ್ಲಿ ಬೆಲ್ಲ ನೀರು ಕಾಯುತ್ತಿತ್ತು. ಅಪ್ಪ ಒಂದು ದಿನವೂ ಒಳಗೆ ಹೋಗಿ ಕೊಡಪಾನ ಬಗ್ಗಿಸಲಿಲ್ಲ. ನನಗೆ ಅಪ್ಪನ ಮೇಲಿನ ಸಿಟ್ಟು ಈಗಲೂ ಹೋಗಿಲ್ಲ, ಆದರೂ ಆ ತಟ್ಟೆ ಬರುವಾಗ ನಾನೇ ಎದ್ದು ಅಂಗಳಕ್ಕೆ ಇಳಿಯುತ್ತಿದ್ದೆ.

ಹಾಗೆ ಎರಡು ಮಳೆಗಾಲ ಕಳೆದು ಅಪ್ಪ ಹಾಸಿಗೆ ಹಿಡಿದರು. ನಾನು ನೋಡಲು ಹೋಗಿದ್ದೆ. ಮಧ್ಯಾಹ್ನ, ಉಸಿರು ಎಳೆಯುತ್ತಾ ನೀರು ಬೇಕೆಂದು ಸನ್ನೆ ಮಾಡಿದರು. ಒಳಗೆ ಕೊಡಪಾನ ಬಗ್ಗಿಸುವ ಸದ್ದು ಕೇಳಿಸಿತು. ಅಮ್ಮ ಬಂದು ಅವರ ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದು ಚೆಂಬನ್ನು ಬಾಯಿಗೆ ಇಟ್ಟಳು. ಅಪ್ಪ ಕುಡಿಯದೆ, ತಟ್ಟೆಗಾಗಿ ಅವಳ ಇನ್ನೊಂದು ಕೈಯನ್ನು ಹುಡುಕಿದರು.

"ಬೆಲ್ಲ?" ಎಂದರು.

"ಮನೆಯವರಿಗೆ ಎಂತ ಬೆಲ್ಲ" ಎಂದಳು ಅಮ್ಮ. "ಕುಡೀರಿ."