ಸುಬ್ರಾಯನ ಪಾರಾಯಣವೂ ನನ್ನ ಫಲಕವೂ

ಮಂಗಳೂರಿನ ಯಾವ ಹೋಟೆಲಿಗೆ ಹೋಗಿ ಕುಳಿತರೂ ಮನುಷ್ಯನ ಬಾಯಿಂದ ಮೊದಲು ಹೊರಡುವ ಮಾತು ‘ಎಂತ ಉಂಟು?’ ಎಂಬುದು. ಇದರಲ್ಲಿ ವಿಶೇಷವೇನೆಂದು ನೀವು ಕೇಳಬಹುದು. ಕೇಳುವವನಿಗೆ ಉತ್ತರ ಮೊದಲೇ ಗೊತ್ತಿರುತ್ತದೆ ಎಂಬುದೇ ವಿಶೇಷ. ಹನ್ನೆರಡು ವರ್ಷಗಳಿಂದ ಒಂದೇ ಬೆಂಚಿನ ಒಂದೇ ತುದಿಯಲ್ಲಿ ಕುಳಿತು ಗೋಳಿಬಜೆಯನ್ನು ಚಟ್ನಿಯಲ್ಲಿ ಅದ್ದಿ ತಿನ್ನುತ್ತ ಬಂದಿರುವ ನಾನು, ಕಾದ ಎಣ್ಣೆಯ ಪರಿಮಳ ಬಾಗಿಲಲ್ಲೇ ಸಕಲ ಸಮಾಚಾರವನ್ನೂ ಮೂಗಿಗೆ ಅರುಹಿದ್ದರೂ, ಕೊಡೆಯನ್ನು ಗೋಡೆಗೆ ಒರಗಿಸಿ, ಶಲ್ಯವನ್ನು ಸರಿಪಡಿಸಿಕೊಂಡು, ಆಗಷ್ಟೇ ಬಂದರಿನಲ್ಲಿ ಹಡಗಿನಿಂದ ಇಳಿದ ಪರದೇಶಿಯ ಮುಖಭಾವದಲ್ಲಿ ‘ಎಂತ ಉಂಟು?’ ಎಂದು ಕೇಳುತ್ತೇನೆ. ದೇವರ ಮುಂದೆ ನಿಂತು ನಮ್ಮ ಕಷ್ಟಗಳನ್ನೆಲ್ಲ ಹೇಳಿಕೊಳ್ಳುವುದಿಲ್ಲವೇ? ಆತನಿಗೆ ತಿಳಿಯದೆಂದು ಯಾರಾದರೂ ಭಾವಿಸಿದ್ದಾರೆಯೇ? ಇದೂ ಹಾಗೆಯೇ ಒಂದು ವಿಧಿ.

ನಾನು ಹೇಳುವ ಹೋಟೆಲು ಹಂಪನಕಟ್ಟೆಯ ಬಳಿ ಒಂದು ಓಣಿಯಲ್ಲಿದೆ. ಯಜಮಾನರು ಭಟ್ಟರು, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತರೆ ಗಲ್ಲಕ್ಕೂ ಅವರಿಗೂ ನಡುವೆ ಗಾಳಿ ನುಸುಳದಷ್ಟು ಭರ್ತಿಯಾದ ಶರೀರ. ಒಳಗೊಂದು ಕೋಣೆ, ಹೊರಗೊಂದು ಜಗಲಿ, ನಡುವೆ ಬಿದಿರಿನ ತಟ್ಟಿ. ಒಳಗೆ ನಮ್ಮಂಥ ಜನಿವಾರದವರು, ಹೊರಗೆ ಮಿಕ್ಕ ಪ್ರಪಂಚ. ಈ ತಟ್ಟಿಯನ್ನು ನೆನೆದು ಈಗ ನಾಚುತ್ತೇನೆ; ಆಗ ಅದಕ್ಕೆ ಬೆನ್ನು ಒರಗಿಸಿ ಹಾಯಾಗಿ ಕೂರುತ್ತಿದ್ದೆ. ಆದರೆ ತಟ್ಟಿಯನ್ನು ಲೆಕ್ಕಿಸದ ಒಂದು ವಸ್ತು ಆ ಹೋಟೆಲಿನಲ್ಲಿತ್ತು. ಅದು ಬಡಿಸುವ ಸುಬ್ರಾಯನ ಧ್ವನಿ.

ಸುಬ್ರಾಯನಿಗೆ ಐವತ್ತು ದಾಟಿತ್ತು. ಕಡ್ಡಿಯಂಥ ಮೈ, ಆ ಮೈಯಲ್ಲಿ ಅಷ್ಟು ದೊಡ್ಡ ಕಂಠ ಎಲ್ಲಿ ವಾಸವಾಗಿತ್ತೋ ತಿಳಿಯದು. ‘ಎಂತ ಉಂಟು?’ ಎಂಬ ಪ್ರಶ್ನೆ ಬಿದ್ದೊಡನೆ ಆತ ಹೆಗಲ ಮೇಲಿನ ವಸ್ತ್ರವನ್ನು ಒಮ್ಮೆ ಕೊಡವಿ, ಕಣ್ಣನ್ನು ಅರೆಮುಚ್ಚಿ, ‘ಗೋಳಿಬಜೆ ಉಂಟು, ನೀರುದೋಸೆ ಉಂಟು, ಬನ್ಸ್ ಉಂಟು, ಕಡುಬು ಉಂಟು, ಅಂಬಡೆ ಉಂಟು’ ಎಂದು ಪಾರಾಯಣಕ್ಕೆ ತೊಡಗಿದರೆ ಒಳಕೋಣೆಯ ವಕೀಲರಿಗೂ ಜಗಲಿಯ ದೋಣಿಯವರಿಗೂ ಏಕಕಾಲದಲ್ಲಿ ಬಾಯಲ್ಲಿ ನೀರೂರುತ್ತಿತ್ತು. ತುಳುವಿನಲ್ಲಿ ಕೇಳಿದವನಿಗೆ ತುಳುವಿನಲ್ಲಿ, ಕೊಂಕಣಿಯಲ್ಲಿ ಕೇಳಿದವನಿಗೆ ಕೊಂಕಣಿಯಲ್ಲಿ ಉತ್ತರ. ಓದು ಬಾರದ ಈ ಮನುಷ್ಯನ ಮುಂದೆ, ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿ ಎರಡು ಭಾಷೆಗಳಲ್ಲಿ ತಡವರಿಸುವ ನಾನು ತೆಪ್ಪಗೆ ಬಜೆ ತಿನ್ನುತ್ತಿದ್ದೆ.

ಈ ಪಾರಾಯಣಕ್ಕೆ ಒಂದು ಗುಟ್ಟಿತ್ತು. ನಿತ್ಯ ಬರುವ ಗಿರಾಕಿಗಳಿಗೆಲ್ಲ ಅದು ತಿಳಿದಿತ್ತು, ಭಟ್ಟರೊಬ್ಬರಿಗೆ ತಿಳಿದಿರಲಿಲ್ಲ. ಬಾಣಲೆಯಿಂದ ಆಗ ತಾನೆ ಇಳಿದದ್ದನ್ನು ಸುಬ್ರಾಯ ಮೊದಲು, ಎಲ್ಲಕ್ಕಿಂತ ಜೋರಾಗಿ ಹೇಳುತ್ತಿದ್ದ. ಬಿಸಿ ಆರಿದಷ್ಟೂ ಪದಾರ್ಥ ಪಟ್ಟಿಯಲ್ಲಿ ಕೆಳಗಿಳಿಯುತ್ತಿತ್ತು, ಧ್ವನಿಯೂ ಜೊತೆಗೇ ಇಳಿಯುತ್ತಿತ್ತು. ಬೆಳಗ್ಗೆ ಮಾಡಿ ಸಾಯಂಕಾಲಕ್ಕೆ ತುಪ್ಪ ಹೆಪ್ಪುಗಟ್ಟಿ ಹಂಚಿನ ಕಾರ್ಖಾನೆಯವರೂ ಮೆಚ್ಚುವಷ್ಟು ಗಟ್ಟಿಯಾದ ಶೀರಾ ಉಳಿದಿದ್ದರೆ, ಅದರ ಹೆಸರನ್ನು ಕಟ್ಟಕಡೆಗೆ, ಮರಣವಾರ್ತೆ ತಿಳಿಸುವವನ ತಗ್ಗಿದ ದನಿಯಲ್ಲಿ, ಕತ್ತನ್ನು ಅತ್ತ ತಿರುಗಿಸಿ ಹೇಳುತ್ತಿದ್ದ. ಗಿರಾಕಿಗೆ ಸುಳ್ಳು ಹೇಳಿದ ಪಾಪವೂ ಇಲ್ಲ, ಯಜಮಾನರ ತಿಂಡಿಯನ್ನು ಹೇಳದೆ ಬಿಟ್ಟ ದೋಷವೂ ಇಲ್ಲ. ಧರ್ಮಸೂಕ್ಷ್ಮವೆಂದರೆ ಏನೆಂದು ಪುರಾಣಗಳಲ್ಲಿ ಹುಡುಕಿ ದಣಿದವರು ಸುಬ್ರಾಯನ ಮುಂದೆ ಒಂದು ಸಾಯಂಕಾಲ ಕುಳಿತಿದ್ದರೆ ಸಾಕಿತ್ತು.

ಇಂಥ ವ್ಯವಸ್ಥೆಗೆ ಕುತ್ತು ತಂದ ಮಹಾಪುರುಷ ಯಾರೆಂದು ಈಗ ಹೇಳಬೇಕಾಗಿದೆ. ನಾನೇ.

ಭಟ್ಟರು ತಂಗಿಯ ಮಗನ ಉಪನಯನಕ್ಕೆಂದು ಮುಂಬಯಿಗೆ ಹೋಗಿ ಬಂದರು. ಅಲ್ಲಿನ ಹೋಟೆಲುಗಳಲ್ಲಿ ತಿಂಡಿಗಳ ಹೆಸರನ್ನು ಫಲಕದ ಮೇಲೆ ಬರೆದು ತೂಗುಹಾಕುತ್ತಾರಂತೆ. ಯಾರೂ ಬೊಬ್ಬೆ ಹೊಡೆಯುವುದಿಲ್ಲವಂತೆ. ‘ಪಂಡಿತ್ರೇ, ನಮಗೂ ಹಾಗೆ ಒಂದು ಬೋರ್ಡು ಆಗಬೇಕು. ಶುದ್ಧ ಕನ್ನಡದಲ್ಲಿ ಬರೆದು ಕೊಡ್ಲಿಕ್ಕೆ ಈ ಊರಿನಲ್ಲಿ ನೀವಲ್ಲದೆ ಯಾರುಂಟು?’ ಎಂದರು. ಅಷ್ಟು ಸಾಕಾಯಿತು. ಪತ್ರಿಕೆಗಳಿಗೆ ಕಳುಹಿಸಿದ ನನ್ನ ಪದ್ಯಗಳೆಲ್ಲ ಹೋದಷ್ಟೇ ವೇಗದಲ್ಲಿ ಮರಳಿ ಬರುತ್ತಿದ್ದ ಕಾಲ ಅದು. ಮೂರು ದಿನ ಕುಳಿತು, ಎಲ್ಲ ತಿಂಡಿಗಳನ್ನೂ ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಒಂದು ಶಾಸ್ತ್ರೋಕ್ತ ಪಟ್ಟಿಯನ್ನು ರಚಿಸಿದೆ. ಅಂಬಡೆ ಅಕಾರಾದಿಯಾದ್ದರಿಂದ ಅಗ್ರಪೂಜೆಗೆ ಅರ್ಹವಾಯಿತು. ಕಡುಬು, ಗೋಳಿಬಜೆ, ನೀರುದೋಸೆ, ಬನ್ಸ್, ಶೀರಾ, ಸಜ್ಜಿಗೆ, ಸುಕುರುಂಡೆ, ಹಲ್ವ ಕ್ರಮವಾಗಿ ಹಿಂಬಾಲಿಸಿದವು. ಕಪ್ಪು ಹಲಗೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ನನ್ನ ಪ್ರಥಮ ಪ್ರಕಟಿತ ಕೃತಿ ಗಲ್ಲದ ಮೇಲ್ಗಡೆ ವಿರಾಜಮಾನವಾದ ದಿನ ನಾನು ಓಣಿಯಲ್ಲಿ ಕಾರಣವಿಲ್ಲದೆ ನಾಲ್ಕು ಸಲ ಹಾದುಹೋದೆ.

ಐದನೆಯ ಸಲ ಒಳಗೆ ಹೋಗಿ ಕುಳಿತು ‘ಎಂತ ಉಂಟು?’ ಎಂದೆ. ಸುಬ್ರಾಯ ಮಾತಾಡಲಿಲ್ಲ. ವಸ್ತ್ರವನ್ನು ಕೊಡವಲಿಲ್ಲ. ಫಲಕದ ಕಡೆ ಒಂದು ಬೆರಳನ್ನು ಎತ್ತಿ ತೋರಿಸಿ ನಿಂತ.

ಭಟ್ಟರ ಅಪ್ಪಣೆಯಾಗಿತ್ತಂತೆ: ಇನ್ನು ಬಾಯಿ ಬಿಡಕೂಡದು. ದೀಪಾವಳಿಯವರೆಗೆ ನೋಡುವುದು, ಫಲಕ ಚೆನ್ನಾಗಿ ನಡೆದರೆ ಬಡಿಸಲು ಯಾರಾದರೂ ಸಾಕು, ಸುಬ್ರಾಯ ಹಿಂದುಗಡೆ ಅರೆಯುವ ಕಲ್ಲಿಗೆ. ಇದನ್ನು ಸುಬ್ರಾಯನೇ ಲೋಟ ಇಡುವ ನೆಪದಲ್ಲಿ ಬಗ್ಗಿ ನನಗೆ ಹೇಳಿದ. ‘ಅರೆಯುವುದು ಕಷ್ಟ ಅಂತ ಅಲ್ಲ ಪಂಡಿತ್ರೇ. ಅಲ್ಲಿ ಯಾರೂ ಎಂತ ಉಂಟು ಅಂತ ಕೇಳ್ಲಿಕ್ಕಿಲ್ಲ ನೋಡಿ’ ಎಂದ. ಅಂದಿನ ಬಜೆ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಬಜೆಯ ದೋಷವೋ ಗಂಟಲಿನ ದೋಷವೋ ಎಂದು ಪರೀಕ್ಷಿಸಲು ಇನ್ನೊಂದು ತಟ್ಟೆ ತರಿಸಿದೆ; ಗಂಟಲಿನದೇ.

ಗಿರಾಕಿಗಳ ಪಾಡು ಕೇಳಬೇಡಿ. ಅಗ್ರಸ್ಥಾನದಲ್ಲಿದ್ದ ಅಂಬಡೆಯನ್ನು ನಂಬಿ ತರಿಸಿದವರಿಗೆ ಬೆಳಗಿನ ತಣಿದ ಅಂಬಡೆ. ಒಳಗೆ ಸುಕುರುಂಡೆ ಬಿಸಿಬಿಸಿಯಾಗಿ ಬೇಯುತ್ತಿದ್ದರೂ ಅದು ‘ಸ’ಕಾರದ ದುರ್ದೈವದಿಂದ ಕೆಳಗೆ ಬಿದ್ದಿದೆ. ಜಗಲಿಯಲ್ಲಿ ಬೆಂಗ್ರೆಯ ಲಿಂಗಪ್ಪಣ್ಣ ಕೂರುತ್ತಿದ್ದ, ಸ್ವಂತ ದೋಣಿಯಿದ್ದವನು, ಮೀನಿನ ವ್ಯಾಪಾರಿ. ಆತ ತಟ್ಟಿಯಾಚೆಯಿಂದ ಕೂಗಿ ಹೇಳಿದ: ‘ಪಂಡಿತ್ರೇ, ನನ್ನ ಮೀನಿನ ಬುಟ್ಟಿಗೆ ಸಹ ಒಂದು ಬೋರ್ಡು ಬರೆದು ಕೊಡಿ ಮಾರಾಯ್ರೆ, ಬೂತಾಯಿ ತಾಜಾ ಉಂಟು ಅಂತ. ಇವತ್ತು ತೋರಿಸುವ, ನಾಡ್ದು ಸಹ ಅದನ್ನೇ ತೋರಿಸುವ!’ ಜಗಲಿಯೆಲ್ಲ ನಕ್ಕಿತು. ನನ್ನ ಕೃತಿಗೆ ಬಂದ ಮೊದಲ ವಿಮರ್ಶೆ ಅದು. ಅದಕ್ಕಿಂತ ನ್ಯಾಯವಾದುದು ಈವರೆಗೆ ಬಂದಿಲ್ಲ.

ಇಷ್ಟರಲ್ಲಿ ಮೈಸೂರಿನಿಂದ ನನ್ನ ಹೆಂಡತಿಯ ಅಣ್ಣ ಬಂದಿಳಿದರು; ನನಗೆ ಅವರು ಭಾವ, ಅವರಿಗೆ ನಾನೂ ಭಾವ. ನಮ್ಮೂರಲ್ಲೇ ಹುಟ್ಟಿ, ಇಪ್ಪತ್ತು ವರ್ಷಗಳಿಂದ ಘಟ್ಟದ ಮೇಲೆ ಸರಕಾರಿ ಚಾಕರಿಯಲ್ಲಿದ್ದು, ತುಳುವನ್ನು ಮರೆತು, ‘ಎಂತ ಉಂಟು’ ಎನ್ನುವಲ್ಲಿ ‘ಏನಿದೆ’ ಎನ್ನುವಷ್ಟು ನಾಗರಿಕರಾಗಿದ್ದರು. ಅತ್ತಾವರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಸೆಕೆಯನ್ನು ಬೈದರು, ಬೆವರನ್ನು ಬೈದರು, ರಸ್ತೆಯ ಕೆಂಪು ಧೂಳನ್ನು ಬೈದರು. ‘ನಿಮ್ಮ ಮಂಗಳೂರಿನಲ್ಲಿ ಮರ್ಯಾದಸ್ಥ ಹೋಟೆಲು ಒಂದಾದರೂ ಇದೆಯೇ ಭಾವ?’ ಎಂದರು. ನಾನು ಸಾಮಾನ್ಯವಾಗಿ ಶಾಂತಸ್ವಭಾವದವನು. ಸೆಕೆಯನ್ನು ಬೈದಾಗ ಸುಮ್ಮನಿದ್ದೆ, ಅದನ್ನು ನಾನು ಮಾಡಿದ್ದಲ್ಲ. ಹೋಟೆಲಿನ ಮಾತು ಬಂದಾಗ ಎದ್ದು ಕೊಡೆ ತೆಗೆದುಕೊಂಡೆ.

ಭಟ್ಟರ ಹೋಟೆಲಿನೊಳಗೆ ಕಾಲಿಟ್ಟ ಭಾವ ಸುತ್ತ ನೋಡಿ, ಹೊಗೆಹಿಡಿದ ತೊಲೆ, ಬೆಂಚು, ತಟ್ಟಿ ಎಲ್ಲವನ್ನೂ ಮೌನವಾಗಿ ಖಂಡಿಸಿ, ಒಂದೇ ಒಂದು ವಸ್ತುವನ್ನು ಮೆಚ್ಚಿದರು. ‘ಪರವಾಗಿಲ್ಲವೇ! ಬೋರ್ಡು ಇದೆ. ಬರವಣಿಗೆಯೂ ಶುದ್ಧವಾಗಿದೆ.’ ಒಂದು ಗಳಿಗೆ ನನ್ನ ಎದೆ ಉಬ್ಬಿತೆಂದು ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಅವರು ಫಲಕದ ಮೇಲೆ ಕಣ್ಣಾಡಿಸಿ, ಸುಬ್ರಾಯನ ಕಡೆ ತಿರುಗಿ, ‘ಒಂದು ಶೀರಾ ಕೊಡಪ್ಪ’ ಎಂದರು.

ಸಾಯಂಕಾಲ ಐದು ಗಂಟೆ. ಸುಬ್ರಾಯ ಕದಲಲಿಲ್ಲ. ಆತ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಆ ಶೀರಾ ಯಾವ ಸ್ಥಿತಿಯಲ್ಲಿದೆಯೆಂದು ಆ ನೋಟದಲ್ಲಿ ಬರೆದಿತ್ತು. ತಂದಿಟ್ಟರೆ ಭಾವ ಅದನ್ನು ಮೈಸೂರಿಗೆ ಹೋಗಿ ಸಾಯುವವರೆಗೆ ವರ್ಣಿಸುತ್ತಾರೆ. ಒಂದು ಊರಿನ ಮಾನ ಒಂದು ತಟ್ಟೆಯಲ್ಲಿ ಕುಳಿತಿದೆ. ಬಾಯಿ ಬಿಟ್ಟರೆ ಸುಬ್ರಾಯ ಯಜಮಾನರ ಕಣ್ಣೆದುರೇ ಅಪ್ಪಣೆ ಮೀರಿದಂತೆ, ದೀಪಾವಳಿಯನ್ನೂ ಕಾಯದೆ ಅರೆಯುವ ಕಲ್ಲು. ನನ್ನ ತಲೆಯ ಮೇಲೆ ನನ್ನ ಕೃತಿ ಅಂಬಡೆಯಿಂದ ಹಲ್ವದವರೆಗೆ ನಿರ್ವಿಕಾರವಾಗಿ ತೂಗುತ್ತಿತ್ತು. ಕವಿಯಾದವನು ತನ್ನ ಕೃತಿಯನ್ನು ತಾನೇ ಅಲ್ಲಗಳೆಯುವುದು ಎಷ್ಟು ದಾರುಣವೆಂದು ಬರೆಯದವರಿಗೆ ತಿಳಿಯದು. ಫಲಕಕ್ಕೆ ಬೆನ್ನು ಹಾಕಿ, ಭಟ್ಟರಿಗೂ ಕೇಳುವಂತೆ ಸ್ಪಷ್ಟವಾಗಿ ಕೇಳಿದೆ:

‘ಸುಬ್ರಾಯ, ಎಂತ ಉಂಟು?’

ಭಟ್ಟರು ಗಲ್ಲದಿಂದ ತಲೆಯೆತ್ತಿದರು. ತಟ್ಟಿಯಾಚೆಯಿಂದ ಲಿಂಗಪ್ಪಣ್ಣನ ಧ್ವನಿ: ‘ಜೋರು ಹೇಳು ಸುಬ್ರಾಯಣ್ಣ, ನಮಗೂ ಕೇಳ್ಲಿ!’

ಸುಬ್ರಾಯ ಯಜಮಾನರನ್ನು ಒಮ್ಮೆ ನೋಡಿ, ಹೆಗಲ ವಸ್ತ್ರವನ್ನು ಕೊಡವಿದ. ಕಣ್ಣು ಅರೆಮುಚ್ಚಿತು. ಎಷ್ಟೋ ದಿನ ಕಟ್ಟಿಹಾಕಿದ್ದ ಧ್ವನಿ ‘ಸುಕುರುಂಡೆ ಉಂಟೂ’ ಎಂದು ಹೊರಟ ರಭಸಕ್ಕೆ ಮಾಡಿನ ಹಂಚುಗಳು ಕಿವಿಗೊಟ್ಟಂತಾಯಿತು. ಗೋಳಿಬಜೆ, ನೀರುದೋಸೆ, ಬನ್ಸ್, ಒಂದೊಂದೂ ತನ್ನ ಬಿಸಿಗೆ ತಕ್ಕ ಸ್ಥಾನದಲ್ಲಿ ಬಂದು ನಿಂತಿತು. ಕೊನೆಗೆ, ಮುಖವನ್ನು ಗೋಡೆಗೆ ತಿರುಗಿಸಿ, ‘ಶೀರಾ... ಉಂಟು’ ಎಂದು ಹೇಳಿ ಮುಗಿಸಿದ. ಒಳಗೂ ಹೊರಗೂ ಎಲ್ಲರೂ ಒಕ್ಕೊರಲಿನಿಂದ ಸುಕುರುಂಡೆ ಕೇಳಿದರು. ನಾನು ಭಾವನಿಗೂ ಒಂದು ತಟ್ಟೆ ಹೇಳಿದೆ.

ಭಾವ ಮೊದಲ ಉಂಡೆಯನ್ನು ಕಚ್ಚಿದರು. ಹೊರಗಿನ ತೊಗಟೆ ಮುರಿದು ಒಳಗಿನ ಬೆಲ್ಲ, ತೆಂಗಿನಕಾಯಿ, ಏಲಕ್ಕಿ ನಾಲಗೆ ಸುಟ್ಟಿರಬೇಕು. ಬಾಯಿ ತೆರೆದು ಉಸಿರೆಳೆದರು, ಆದರೆ ಉಂಡೆಯನ್ನು ಬಿಡಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅವರು ಏನನ್ನೂ ಬೈಯದೆ ಕಳೆದ ಅತಿ ದೀರ್ಘವಾದ ಕಾಲ ಅದೇ ಇರಬೇಕು. ಎರಡನೆಯ ತಟ್ಟೆಗೆ ಅವರೇ ಕೈ ಎತ್ತಿದರು.

ಆದರೆ ಭಟ್ಟರು ಗಲ್ಲದಿಂದ ಎದ್ದಿದ್ದರು. ಅವರು ಏಳುವುದೆಂದರೆ ಸಾಮಾನ್ಯ ಸಂಗತಿಯಲ್ಲ.

‘ಸುಬ್ರಾಯ, ಶೀರಾ ಎಂತಕ್ಕೆ ಅಷ್ಟು ಮೆಲ್ಲ ಹೇಳಿದ್ದು?’

‘ಅದು ಬೆಳಗಿನದ್ದು ಭಟ್ರೇ. ಜೋರು ಹೇಳ್ಲಿಕ್ಕೆ ನಾಲಗೆ ಬರುವುದಿಲ್ಲ.’

‘ಎಷ್ಟು ಸಮಯದಿಂದ ಹೀಗೆ ಉಂಟು ಇದು?’

‘ನಾನು ಬಂದಂದಿನಿಂದ’ ಎಂದ ಸುಬ್ರಾಯ, ತಲೆ ತಗ್ಗಿಸಿ.

ಭಟ್ಟರು ಶೀರಾ ತರಿಸಿದರು. ಎಲ್ಲರ ಎದುರಿಗೆ ನಿಂತುಕೊಂಡೇ ಒಂದು ಚೂರು ಮುರಿದು, ಹೌದು, ಮುರಿದು, ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಜಗಿದರು. ಆ ದವಡೆಗಳ ಚಲನೆಯಲ್ಲಿ ಒಬ್ಬ ಮನುಷ್ಯನ ಜೀವನೋಪಾಯ ಅತ್ತಿತ್ತ ಉರುಳುತ್ತಿರುವುದನ್ನು ನಾವೆಲ್ಲ ನೋಡುತ್ತಿದ್ದೆವು. ಕಡೆಗೆ ನುಂಗಿ, ನೀರು ಕುಡಿದು, ‘ಇದನ್ನು ದನಕ್ಕೆ ಹಾಕಿ’ ಎಂದರು. ಆಮೇಲೆ ಸುಬ್ರಾಯನ ಕಡೆ ತಿರುಗಿ, ‘ಜೋರು ಹೇಳ್ಲಿಕ್ಕೆ ಆಗದ್ದು ನನ್ನ ಹೋಟ್ಲಿನಲ್ಲಿ ಬೇಡ. ನೀನು ಹೇಳು. ನೀನೇ ಹೇಳು’ ಎಂದು ಮತ್ತೆ ಗಲ್ಲದಲ್ಲಿ ಭರ್ತಿಯಾದರು.

ಆ ಒಂದು ಮಾತಿಗೆ ನಾನು ಮಂಗಳೂರಿನವನೆಂದು ಹೇಳಿಕೊಳ್ಳುವಾಗ ಈಗಲೂ ನನ್ನ ಕತ್ತು ಒಂದು ಅಂಗುಲ ಉದ್ದವಾಗುತ್ತದೆ. ಅರಮನೆ ಇಲ್ಲದ ಊರು ನಮ್ಮದು. ಸೆಕೆಯೂ ಧೂಳೂ ನಿಜ. ಆದರೆ ಕಡಿಮೆ ದುಡ್ಡಿನ ತಿಂಡಿ ಕೊಳ್ಳುವವನಿಗೂ ಇಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಡಿಸುತ್ತಾರೆ.

ನನ್ನ ಫಲಕ ವ್ಯರ್ಥವಾಗಲಿಲ್ಲ. ಅಡಿಗೆಮನೆಯ ಒಲೆಗೆ ಗಾಳಿ ಹೊಡೆಯದಂತೆ ಅದನ್ನು ಮರೆಯಾಗಿ ನಿಲ್ಲಿಸಿದ್ದಾರೆ. ಬರೆದ ಮುಖ ಬೆಂಕಿಯ ಕಡೆಗಿದೆ. ಅಕ್ಷರಗಳೆಲ್ಲ ಹೊಗೆಯಲ್ಲಿ ಅಳಿದುಹೋಗಿವೆ, ಅಂಬಡೆ ಮಾತ್ರ ಅಲ್ಪಸ್ವಲ್ಪ ಉಳಿದಿದೆ. ಜನರ ಹೊಟ್ಟೆ ತಂಪುಮಾಡಲು ಇಷ್ಟು ನೇರವಾಗಿ ನೆರವಾದ ಕೃತಿ ನನ್ನದು ಬೇರೊಂದಿಲ್ಲ.

ಮೈಸೂರಿಗೆ ಮರಳಿದ ಭಾವನಿಂದ ಮೊನ್ನೆ ಒಂದು ಕಾಗದ ಬಂದಿತ್ತು. ತಂಗಿಯ ಆರೋಗ್ಯ, ಮಕ್ಕಳ ಓದು, ಅಲ್ಲಿನ ಹಿತವಾದ ಹವೆ ಎಲ್ಲ ಮುಗಿದ ಮೇಲೆ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿದ್ದರು: ‘ಇಲ್ಲಿಯ ದೊಡ್ಡ ಹೋಟೆಲೊಂದಕ್ಕೆ ಹೋಗಿದ್ದೆ. ಬಾಯಿತಪ್ಪಿ ಎಂತ ಉಂಟು ಎಂದು ಕೇಳಿದೆ. ಅವನು ಅಚ್ಚುಹಾಕಿದ ಕಾಗದವನ್ನು ಮುಂದಿಟ್ಟು ಹೋದ. ಇಲ್ಲಿ ಯಾರೂ ಹೇಳುವುದಿಲ್ಲ ಭಾವ.’

ಆ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ, ಸುಬ್ರಾಯನನ್ನು ಹತ್ತಿರ ಕರೆದು ಆ ಸಾಲುಗಳನ್ನು ಓದಿ ಹೇಳಿದೆ. ಆತ ಆಗಲೇ ಒರೆಸಿದ್ದ ಮೇಜನ್ನು ಇನ್ನೊಮ್ಮೆ ಒರೆಸಿದ. ಒಳಗೆ ಗೋಳಿಬಜೆ ಬೇಯುತ್ತಿರುವುದು ನನ್ನ ಮೂಗಿಗೆ ಚೆನ್ನಾಗಿ ಗೊತ್ತಿತ್ತು. ಕೊಡೆಯನ್ನು ಗೋಡೆಗೆ ಒರಗಿಸಿ, ಶಲ್ಯವನ್ನು ಸರಿಪಡಿಸಿಕೊಂಡು ಕೇಳಿದೆ: ‘ಎಂತ ಉಂಟು?’

ಸುಬ್ರಾಯ ವಸ್ತ್ರವನ್ನು ಕೊಡವಿ, ಎಂದಿನಂತೆ ನನ್ನ ಕಡೆ ತಿರುಗುವ ಬದಲು, ಘಟ್ಟವಿರುವ ಮೂಡಣ ದಿಕ್ಕಿಗೆ ಮುಖಮಾಡಿ ನಿಂತು, ಮೈಸೂರಿಗೂ ಕೇಳುವಷ್ಟು ಜೋರಾಗಿ ಹೇಳತೊಡಗಿದ.